ಅಳತೆ ಒಂದೇ, ಗುಣ ಬೇರೆ: ಮೂರು ಕಾಕ್ಸ್ .049 ಎಂಜಿನ್‌ಗಳ ಒಳಗೆ

ಪ್ರಶ್ನೆ: ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಮತ್ತು ಗ್ರೈಂಡಿಂಗ್ ಕೆಲಸ ಮಾಡುತ್ತೇನೆ. ಏರ್‌ಫೋರ್ಸ್‌ನಲ್ಲಿದ್ದ ನಮ್ಮ ಕಾಕಾ ಅವರ ಪೆಟ್ಟಿಗೆಯಲ್ಲಿ ಮಾದರಿ ವಿಮಾನದ ಮೂರು ಪುಟ್ಟ ಕಾಕ್ಸ್ ಎಂಜಿನ್ ಸಿಕ್ಕಿವೆ. ಮೂರೂ .049 ಅಂತೆ. ಒಂದಕ್ಕೆ ಹಿಂದೆ ಸಣ್ಣ ಬಿಳಿ ಟ್ಯಾಂಕ್ ಇದೆ. ಇನ್ನೊಂದಕ್ಕೆ ಬಂಗಾರದ ಬಣ್ಣದ, ಸ್ವಲ್ಪ ಉದ್ದದ ಟ್ಯಾಂಕ್. ಮೂರನೆಯದಕ್ಕೆ ಟ್ಯಾಂಕೇ ಇಲ್ಲ, ಕಾರ್ಬುರೇಟರ್ ಮುಂದೆ ಪ್ರೊಪೆಲ್ಲರ್ ಹತ್ತಿರ ಕಪ್ಪು ಪ್ಲಾಸ್ಟಿಕ್‌ನಲ್ಲಿದೆ. ಬಿಳಿ ಟ್ಯಾಂಕಿನದು ಎರಡು ಹನಿ ಇಂಧನ ಹಾಕಿದರೆ ಐದಾರು ಸೆಕೆಂಡ್ ಓಡಿ ನಿಲ್ಲುತ್ತದೆ, ಒಮ್ಮೊಮ್ಮೆ ಉಲ್ಟಾ ತಿರುಗುತ್ತದೆ. ಅಳತೆ ಒಂದೇ ಇದ್ದರೂ ಇಷ್ಟು ವ್ಯತ್ಯಾಸ ಯಾಕೆ? ಮೂರನೆಯದರ ಸಿಲಿಂಡರ್ ಮೊದಲನೆಯದಕ್ಕೆ ಹಾಕಿದರೆ ಸ್ಪೀಡ್ ಜಾಸ್ತಿ ಆಗುತ್ತಾ? ಮಗಳಿಗೆ ಒಂದು ಕಂಟ್ರೋಲ್ ಲೈನ್ ವಿಮಾನ (ತಂತಿ ಹಿಡಿದು ಸುತ್ತಲೂ ಹಾರಿಸುವಂಥದ್ದು) ಮಾಡಿಕೊಡಬೇಕು. ಯಾವುದನ್ನು ಹಾಕಲಿ?

ಉತ್ತರ: ನಿಮ್ಮ ಕಾಕಾ ಅವರ ಪೆಟ್ಟಿಗೆ ನಿಜಕ್ಕೂ ಒಳ್ಳೆಯದು. ನೀವು ಹೇಳಿದ ಗುರುತು ನೋಡಿದರೆ ಬಿಳಿ ಟ್ಯಾಂಕಿನದು ಬೇಬ್ ಬೀ, ಬಂಗಾರ ಬಣ್ಣದ್ದು ಗೋಲ್ಡನ್ ಬೀ, ಟ್ಯಾಂಕ್ ಇಲ್ಲದ್ದು ಟೀ ಡೀ. ಮೂರೂ ಅಮೆರಿಕದ ಕ್ಯಾಲಿಫೋರ್ನಿಯಾದ ಕಾಕ್ಸ್ ಕಂಪನಿಯವು. ಬೇಬ್ ಬೀ 1956ರಲ್ಲಿ ಬಂತು, ಟೀ ಡೀ 1960ರ ದಶಕದ ಆರಂಭದಲ್ಲಿ. ನಡುವೆ ಹೆಚ್ಚು ವರ್ಷಗಳ ಅಂತರವಿಲ್ಲ. ಆದರೆ ಒಳಗಿನ ಯೋಚನೆ ಪೂರ್ತಿ ಬೇರೆ.

ಮೊದಲು .049 ಅಂದರೆ ಏನು ನೋಡೋಣ. ಅದು ಘನ ಇಂಚಿನ ಲೆಕ್ಕ, ನಮ್ಮ ಲೆಕ್ಕದಲ್ಲಿ ಸುಮಾರು 0.82 ಸಿಸಿ. ಬೋರ್ (ಸಿಲಿಂಡರಿನ ಒಳವ್ಯಾಸ) .406 ಇಂಚು, ಅಂದರೆ 10.3 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) .386 ಇಂಚು, ಅಂದರೆ 9.8 ಮಿ.ಮೀ. ಕ್ಯಾಲ್ಕುಲೇಟರ್‌ನಲ್ಲಿ ಬೋರಿನ ವೃತ್ತದ ವಿಸ್ತೀರ್ಣವನ್ನು ಸ್ಟ್ರೋಕಿನಿಂದ ಗುಣಿಸಿ ನೋಡಿ, ಉತ್ತರ .050ಕ್ಕೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಸುಮ್ನೆ ಬಂದದ್ದಲ್ಲ ಅದು. ಅಮೆರಿಕದ ಸ್ಪರ್ಧೆಗಳಲ್ಲಿ ಅರ್ಧ-ಎ ಎನ್ನುವ ಸಣ್ಣ ವರ್ಗದ ಮಿತಿಯೇ .050 ಘನ ಇಂಚು. ಮಿತಿಗೆ ತಾಗುವಷ್ಟು ದೊಡ್ಡದು ಮಾಡಿದ್ದಾರೆ. ಮುಂದೆ ಇದೇ ಟೀ ಡೀಯನ್ನು ಬೋರ್ ಒಂದಿಷ್ಟು ಹೆಚ್ಚಿಸಿ .051 ಅಂತಲೂ ಮಾಡಿದರು. ಅದೇ ವಿಮಾನವನ್ನು ಮೇಲಿನ ವರ್ಗದಲ್ಲೂ ಹಾರಿಸಲಿ ಅಂತ.

ಹಾಗಾಗಿ ಬೋರ್ ಮತ್ತು ಸ್ಟ್ರೋಕ್ ಅಳೆದರೆ ನಿಮಗೆ ಈ ಎಂಜಿನ್‌ಗಳ ವ್ಯತ್ಯಾಸ ಸಿಗುವುದಿಲ್ಲ. ಬಣ್ಣದಿಂದಲೂ ಸಿಗುವುದಿಲ್ಲ. ಇವು ಟೂ ಸ್ಟ್ರೋಕ್ ಎಂಜಿನ್. ಗಾಳಿ ಮತ್ತು ಇಂಧನದ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸ್‌ಗೆ (ಪಿಸ್ಟನ್ ಕೆಳಗಿನ ಗೂಡು) ಬರಬೇಕು, ಅಲ್ಲಿಂದ ಪಿಸ್ಟನ್ನಿನ ಮೇಲ್ಭಾಗಕ್ಕೆ ಹೋಗಬೇಕು, ಸುಟ್ಟ ಹೊಗೆ ಹೊರಗೆ ಹೋಗಬೇಕು. ಈ ಮೂರು ದಾರಿಗಳನ್ನು ಹೇಗೆ ಕೊರೆದಿದ್ದಾರೆ ಎನ್ನುವುದರಲ್ಲೇ ಎಲ್ಲ ಇದೆ.

ಬೇಬ್ ಬೀ ಮತ್ತು ಗೋಲ್ಡನ್ ಬೀಯಲ್ಲಿ ಮಿಶ್ರಣ ಹಿಂದಿನಿಂದ ಬರುತ್ತದೆ. ಟ್ಯಾಂಕಿನ ನಡುವೆಯೇ ಗಾಳಿಯ ಕೊಳವೆ ಇದೆ. ಅದರ ಕೊನೆಯಲ್ಲಿ, ಕ್ರ್ಯಾಂಕ್‌ಕೇಸಿನ ಬಾಯಲ್ಲಿ, ತೆಳ್ಳನೆಯ ಒಂದು ರೀಡ್ ಕೂತಿರುತ್ತದೆ. ಹಳೆಯದರಲ್ಲಿ ಅದು ತಾಮ್ರದ ಮಿಶ್ರಲೋಹದ್ದು, ನಾಲ್ಕು ಮೂಲೆಯ ನಕ್ಷತ್ರದ ಆಕಾರ, ಒಂದು ಸಣ್ಣ ತಂತಿಯ ಕ್ಲಿಪ್ ಅದನ್ನು ಬೀಳದ ಹಾಗೆ ಹಿಡಿದಿರುತ್ತದೆ. ಆಮೇಲಿನವುಗಳಲ್ಲಿ ಮೈಲಾರ್ ಪ್ಲಾಸ್ಟಿಕ್ ಹಾಳೆ ಬಂತು, ಸ್ಟೇನ್‌ಲೆಸ್ ಸ್ಟೀಲೂ ಬಂತು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಒತ್ತಡ ಕಡಿಮೆಯಾಗಿ ರೀಡ್ ಏಳುತ್ತದೆ, ಮಿಶ್ರಣ ಒಳಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ರೀಡ್ ಕೂತು ಬಾಯಿ ಮುಚ್ಚುತ್ತದೆ. ಯಾವ ಗೇರೂ ಇಲ್ಲ, ಯಾವ ಟೈಮಿಂಗೂ ಇಲ್ಲ. ಎಂಜಿನ್ ತನಗೆ ಬೇಕಾದಾಗ ತಾನೇ ಬಾಗಿಲು ತೆಗೆಯುತ್ತದೆ.

ನಿಮ್ಮದು ಉಲ್ಟಾ ತಿರುಗುವುದಕ್ಕೆ ಕಾರಣ ಇದೇ. ರೀಡ್‌ಗೆ ಒತ್ತಡ ಮಾತ್ರ ಗೊತ್ತು, ಶಾಫ್ಟ್ ಯಾವ ಕಡೆ ತಿರುಗುತ್ತಿದೆ ಅಂತ ಗೊತ್ತಿಲ್ಲ. ಸಿಲಿಂಡರಿನ ಕಿಂಡಿಗಳನ್ನು ತೆಗೆದು ಮುಚ್ಚುವುದು ಪಿಸ್ಟನ್. ಶಾಫ್ಟ್ ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಪಿಸ್ಟನ್ ಒಂದೇ ರೀತಿ ಮೇಲೆ ಕೆಳಗೆ ಹೋಗುತ್ತದೆ. ಕಿಡಿ ಕೊಡುವ ಮ್ಯಾಗ್ನೆಟೋ ಕೂಡ ಇಲ್ಲ. ತಲೆಯಲ್ಲೇ ಕೂರಿಸಿದ ಪ್ಲಾಟಿನಂ ಮಿಶ್ರಲೋಹದ ತಂತಿ ಮೊದಲು ಬ್ಯಾಟರಿಯಿಂದ ಕೆಂಪಗಾಗುತ್ತದೆ. ಎಂಜಿನ್ ಓಡಲು ಶುರುವಾದ ಮೇಲೆ ಬ್ಯಾಟರಿ ತೆಗೆದರೂ ಮೆಥನಾಲ್ ಜೊತೆಗಿನ ಕ್ರಿಯೆಯಿಂದ, ಉರಿಯ ಬಿಸಿಯಿಂದ ಅದು ಕೆಂಪಗೇ ಉಳಿಯುತ್ತದೆ. ಹೀಗಾಗಿ ಉಲ್ಟಾ ತಿರುಗುವುದು ಬೇಬ್ ಬೀಯ ದೋಷವಲ್ಲ. ಬೇಕೆಂದೇ ಉಲ್ಟಾ ಓಡಿಸಿ, ಪ್ರೊಪೆಲ್ಲರ್ ಹಿಂದೆ ಇರುವ ವಿಮಾನಕ್ಕೆ ಹಾಕುವವರೂ ಇದ್ದಾರೆ.

ಟೀ ಡೀಯಲ್ಲಿ ರೀಡ್ ಇಲ್ಲ. ಅದರ ಕ್ರ್ಯಾಂಕ್‌ಶಾಫ್ಟ್ ಪೊಳ್ಳು. ಶಾಫ್ಟಿನ ಪಕ್ಕದಲ್ಲಿ ಒಂದು ಕಿಟಕಿ ಕೊರೆದಿದ್ದಾರೆ. ತಿರುಗುವಾಗ ಆ ಕಿಟಕಿ ಕಾರ್ಬುರೇಟರಿನ ಬಾಯಿಗೆ ಎದುರಾದಷ್ಟು ಹೊತ್ತು ಮಿಶ್ರಣ ಶಾಫ್ಟಿನ ಒಳಗಿನಿಂದ ಕ್ರ್ಯಾಂಕ್‌ಕೇಸ್‌ಗೆ ನುಗ್ಗುತ್ತದೆ. ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎನ್ನುವುದನ್ನು ಕಟರ್ ಹಿಡಿದವನೇ ನಿಗದಿ ಮಾಡಿಬಿಟ್ಟಿದ್ದಾನೆ. ಪಿಸ್ಟನ್ ತುದಿ ಮುಟ್ಟಿದ ಮೇಲೂ ಕಿಟಕಿ ಇನ್ನಷ್ಟು ಹೊತ್ತು ತೆರೆದೇ ಇರುತ್ತದೆ. ವೇಗವಾಗಿ ಬರುತ್ತಿರುವ ಮಿಶ್ರಣ ತನ್ನ ಓಟದಲ್ಲೇ ಇನ್ನೂ ಸ್ವಲ್ಪ ಒಳಗೆ ತುಂಬಲಿ ಅಂತ. ಉಲ್ಟಾ ತಿರುಗಿಸಿದರೆ ಈ ಲೆಕ್ಕವೆಲ್ಲ ತಲೆಕೆಳಗು. ಅದಕ್ಕೇ ಟೀ ಡೀ ಒಂದೇ ಕಡೆಗೆ ಸರಿಯಾಗಿ ಓಡುತ್ತದೆ.

ಇದರಿಂದ ಎಷ್ಟು ಲಾಭ? ನಿಮಿಷಕ್ಕೆ 15,000 ಸುತ್ತಿನಲ್ಲಿ ಒಂದು ಸುತ್ತಿಗೆ ಸಿಗುವ ಸಮಯ 4 ಮಿಲಿಸೆಕೆಂಡ್. 20,000 ಸುತ್ತಿನಲ್ಲಿ 3. ರೀಡ್ ಎಷ್ಟೇ ತೆಳುವಾಗಿದ್ದರೂ ಅದಕ್ಕೆ ತೂಕ ಇದೆ. ಏಳಲು ತಡ, ಕೂರಲು ತಡ. ಅದನ್ನು ಎತ್ತುವುದಕ್ಕೇ ಒತ್ತಡದ ಒಂದು ಭಾಗ ಖರ್ಚಾಗುತ್ತದೆ. ಶಾಫ್ಟಿನ ಕಿಟಕಿಗೆ ಈ ತೊಂದರೆ ಇಲ್ಲ. ಬೇಬ್ ಬೀ 15,000ದ ಆಸುಪಾಸಿನಲ್ಲಿ ಆರಾಮಾಗಿರುವ ಎಂಜಿನ್. ಟೀ ಡೀ 20,000 ದಾಟುವುದಕ್ಕೇ ಹುಟ್ಟಿದ್ದು. ಅರವತ್ತು ವರ್ಷದ ಹಿಂದೆ, 0.8 ಸಿಸಿಯಲ್ಲಿ ಇಂಥದ್ದನ್ನು ಸಾವಿರಗಟ್ಟಲೆ ಮಾಡಿ ಮಾರಿದರಲ್ಲ, ಅದು ನನಗೆ ಇಂದಿಗೂ ದೊಡ್ಡ ಕೆಲಸ ಅನ್ನಿಸುತ್ತದೆ.

ಬೆಲೆಯನ್ನೂ ಹೇಳಬೇಕು. ಟೀ ಡೀಯ ಗಾಳಿಯ ಬಾಯಿ ದೊಡ್ಡದು, ಆದ್ದರಿಂದ ಇಂಧನ ಎಳೆಯುವ ಶಕ್ತಿ ಕಡಿಮೆ. ಇಂಧನ ಬರುವುದು ಆ ಬಾಯಿಯ ಸುತ್ತ ಇರುವ ಸೂಜಿಮೊನೆಯಂಥ ತೂತುಗಳಿಂದ. ಒಂದು ಕಸ ಸಿಕ್ಕಿಕೊಂಡರೆ ಮುಗಿಯಿತು. ಟ್ಯಾಂಕ್ ಬೇರೆ ಕೂರಿಸಬೇಕು, ಅದರ ಎತ್ತರ ಸರಿ ಇರಬೇಕು. ಸ್ಪರ್ಧೆಯವರು ರಬ್ಬರ್ ಟ್ಯೂಬನ್ನು ಬಲೂನಿನ ಹಾಗೆ ಉಬ್ಬಿಸಿ, ಅದರ ಒತ್ತಡದಿಂದ ಇಂಧನ ಕೊಡುತ್ತಾರೆ. ಮೊದಲ ಬಾರಿ ಎಂಜಿನ್ ಮುಟ್ಟುವವರಿಗೆ ಇದು ಬೇಡದ ತಲೆನೋವು.

ಈಗ ಸಿಲಿಂಡರ್. ನಿಮ್ಮ ಕೆಲಸದವರಿಗೆ ಇಷ್ಟವಾಗುವ ಭಾಗ ಇದು. ಉಕ್ಕಿನ ಸರಳಿನಿಂದ ತಿರುವಿ ತೆಗೆದ ಸಿಲಿಂಡರ್ ಇದು, ತಂಪು ಮಾಡುವ ಫಿನ್‌ಗಳು ಕೂಡ ಅದೇ ತುಂಡಿನಲ್ಲಿವೆ. ಕ್ರ್ಯಾಂಕ್‌ಕೇಸನ್ನೂ ಅಚ್ಚಿಗೆ ಹೊಯ್ದಿಲ್ಲ, ಅಲ್ಯೂಮಿನಿಯಂ ಬಾರಿನಿಂದ ಮಷೀನ್ ಮಾಡಿದ್ದಾರೆ. ಪಿಸ್ಟನ್‌ಗೆ ರಿಂಗ್ ಇಲ್ಲ. ನಿಮ್ಮ ಊರಿನಲ್ಲಿ ಮಾಡುವ ಹೈಡ್ರಾಲಿಕ್ ವಾಲ್ವಿನಲ್ಲಿ ಸ್ಪೂಲ್ ಮತ್ತು ಬಾಡಿ ಹೇಗೆ ರಿಂಗಿಲ್ಲದೆ ಬರೀ ಫಿಟ್‌ನಿಂದ ಎಣ್ಣೆ ತಡೆಯುತ್ತವೋ, ಇಲ್ಲಿಯೂ ಹಾಗೇ. ಒಂದು ವ್ಯತ್ಯಾಸ ಇದೆ. ಇಲ್ಲಿ ಬೋರ್ ಮೇಲಕ್ಕೆ ಹೋದಂತೆ ಸ್ವಲ್ಪ ಕಿರಿದಾಗುತ್ತದೆ. ತಣ್ಣಗಿದ್ದಾಗ ಪ್ರೊಪೆಲ್ಲರ್ ತಿರುಗಿಸಿದರೆ ತುದಿಯಲ್ಲಿ ಸ್ವಲ್ಪ ಬಿಗಿ ಅನ್ನಿಸುವುದು ಇದಕ್ಕೇ. ತಪ್ಪು ತಿಳಿದು ಅದನ್ನು ಹೋನ್ ಮಾಡಲು ಹೋಗಬೇಡಿ. ಲ್ಯಾಪಿಂಗ್ ಪೇಸ್ಟ್ ಕೈಯಲ್ಲಿದೆ ಅಂತ ಹಚ್ಚಲೂ ಬೇಡಿ. ಆ ಬಿಗಿ ಹೋದರೆ ಕಂಪ್ರೆಷನ್ ಹೋಯಿತು.

ಸಿಲಿಂಡರಿನ ಒಳಗೋಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಕೊರೆದ ಗಾಡಿ, ಅಂದರೆ ಉದ್ದನೆಯ ತೋಡು, ಕಾಣುತ್ತದೆ, ಬೈಪಾಸ್ ಅನ್ನುತ್ತೇವೆ. ಕ್ರ್ಯಾಂಕ್‌ಕೇಸಿನ ಮಿಶ್ರಣ ಪಿಸ್ಟನ್ ಮೇಲೆ ಬರುವುದು ಇದರಲ್ಲಿ. ಹಳೆಯ ಬೇಬ್ ಬೀಯಲ್ಲಿ ಸಾಮಾನ್ಯವಾಗಿ ಇಂಥ ಗಾಡಿ ಒಂದೇ. ಬ್ಲ್ಯಾಕ್ ವಿಡೋ ಎನ್ನುವ ಇನ್ನೊಂದು ಮಾದರಿಯಲ್ಲಿ ಎರಡು, ಎದುರುಬದುರಾಗಿ. ಟೀ ಡೀಯಲ್ಲಿ ಎರಡು ಬೈಪಾಸ್, ಜೊತೆಗೆ ಅವುಗಳಿಂದ ಇನ್ನೂ ಮೇಲಕ್ಕೆ ಹೋಗುವ ಸಣ್ಣ ಬೂಸ್ಟರ್ ಗಾಡಿಗಳು. ಅವು ದೊಡ್ಡ ಬೈಪಾಸ್‌ಗಿಂತ ಒಂದಿಷ್ಟು ಮೊದಲೇ ತೆರೆದುಕೊಂಡು ಮಿಶ್ರಣವನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಸಿಲಿಂಡರ್ ಬಿಚ್ಚಿ ಬೆಳಕಿಗೆ ಹಿಡಿದರೆ ಇದೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಹೊರಗೆ ಯಾವ ಹೆಸರು ಬರೆದಿದೆ ಎನ್ನುವುದಕ್ಕಿಂತ ಇದನ್ನೇ ನಂಬಿ. ಅರವತ್ತು ವರ್ಷದಲ್ಲಿ ಎಷ್ಟು ಕೈ ಬದಲಾಗಿದೆಯೋ, ಯಾರು ಯಾವ ಸಿಲಿಂಡರ್ ಹಾಕಿದ್ದಾರೋ!

ಹೊಗೆ ಹೋಗುವ ಕಿಂಡಿಯಲ್ಲೂ ಎರಡು ಬಗೆ. ಕೆಲವದರಲ್ಲಿ ದೊಡ್ಡ ತೆರೆದ ಕಿಟಕಿ, ಕೆಲವದರಲ್ಲಿ ಅಡ್ಡ ಸೀಳುಗಳು. ಒಂದು ಮಾತು ಮಾತ್ರ: ತೆರೆದ ಕಿಟಕಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಸಿಲಿಂಡರ್ ತಿರುಗಿಸಬೇಡಿ. ಎಷ್ಟೋ ಒಳ್ಳೆಯ ಎಂಜಿನ್ ಹೀಗೇ ಸತ್ತಿವೆ. ಫಿನ್‌ಗೆ ಸರಿಯಾಗಿ ಕೂರುವ ಪಾನಾ ನಿಮ್ಮ ವರ್ಕ್‌ಶಾಪ್‌ನಲ್ಲೇ ಒಂದು ಪಟ್ಟಿಯಿಂದ ಮಾಡಿಕೊಳ್ಳಬಹುದು.

ಇನ್ನೊಂದು ಸೂಕ್ಷ್ಮ ವಿಷಯ ಇದೆ, ಬಹಳ ಜನ ಗಮನಿಸುವುದಿಲ್ಲ. ಪಿಸ್ಟನ್ ಪೂರ್ತಿ ಮೇಲೆ ತಂದು ಹೊಗೆಯ ಕಿಂಡಿಯಲ್ಲಿ ನೋಡಿ. ಪಿಸ್ಟನ್ನಿನ ಕೆಳ ಅಂಚಿನ ಅಡಿಯಲ್ಲಿ ಒಂದು ಸಣ್ಣ ಸಂದಿ ಕಂಡರೆ, ಆ ಸಂದಿಯಿಂದ ಹೊರಗಿನ ಗಾಳಿ ನೇರವಾಗಿ ಕ್ರ್ಯಾಂಕ್‌ಕೇಸ್‌ಗೆ ಹೋಗುತ್ತದೆ. ಇದೂ ಬೇಕೆಂದೇ ಮಾಡಿದ್ದು. ಹೆಚ್ಚು ಗಾಳಿ, ಹೆಚ್ಚು ಶಕ್ತಿ. ಆದರೆ ಇಂಥ ಎಂಜಿನ್‌ಗೆ ಸೈಲೆನ್ಸರ್ ಹಾಕಿದರೆ ಗಾಳಿಯ ಬದಲು ಸುಟ್ಟ ಹೊಗೆಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಸುಸ್ತಾಗುತ್ತದೆ. ಅದಕ್ಕೇ ಸೈಲೆನ್ಸರ್ ಜೊತೆ ಮಾರಿದ ಮಾದರಿಗಳಿಗೆ ಈ ಸಂದಿ ಇಲ್ಲದ ಸಿಲಿಂಡರ್ ಕೊಟ್ಟರು. ನಿಮ್ಮ ಕಡೆಯ ಕೆಂಪು ಧೂಳಿನಲ್ಲಿ ಓಡಿಸುವಾಗಲೂ ಇದು ನೆನಪಿರಲಿ. ಸಂದಿ ಇದ್ದರೆ ಧೂಳಿಗೆ ಒಳಗೆ ಹೋಗಲು ಇನ್ನೊಂದು ದಾರಿ ಸಿಕ್ಕಿತು. ನೆಲದ ಮೇಲೆ ಸ್ಟಾರ್ಟ್ ಮಾಡುವಾಗ ಕೆಳಗೆ ಒಂದು ಹಲಗೆಯೋ ತಾಡಪತ್ರಿಯೋ ಹಾಸಿ.

ಹಾಗಾದರೆ ಸಿಲಿಂಡರ್ ಅದಲುಬದಲು ಮಾಡಬಹುದಾ? ಸಿಲಿಂಡರಿನ ಥ್ರೆಡ್ ಕೂರುತ್ತದೆ. ಟೀ ಡೀ ಸಿಲಿಂಡರನ್ನು ಬೇಬ್ ಬೀಗೆ ಹಾಕಿ ಓಡಿಸಿದವರು ಬಹಳ ಜನ ಇದ್ದಾರೆ, ಸ್ವಲ್ಪ ಸ್ಪೀಡ್ ಕೂಡ ಬರುತ್ತದೆ. ಆದರೂ ನಾನು ಬೇಡ ಅನ್ನುತ್ತೇನೆ. ಮೇಲೆ ದೊಡ್ಡ ದಾರಿ ಮಾಡಿಕೊಟ್ಟರೂ ಹಿಂದೆ ರೀಡ್ ಬಿಡುವಷ್ಟೇ ಮಿಶ್ರಣ ಬರುತ್ತದೆ, ಪೂರ್ತಿ ಲಾಭ ಸಿಗುವುದಿಲ್ಲ. ಅತ್ತ ಟೀ ಡೀ ಅನಾಥವಾಗುತ್ತದೆ, ಅದು ಈ ಮೂರರಲ್ಲಿ ಬೆಲೆಬಾಳುವ ಎಂಜಿನ್. ಮಾಡಲೇಬೇಕೆಂದರೆ ಸಿಲಿಂಡರ್ ಮತ್ತು ಪಿಸ್ಟನ್ ಜೋಡಿಯನ್ನು ಒಟ್ಟಿಗೇ ಬದಲಿಸಿ. ಒಂದರ ಪಿಸ್ಟನ್ ಇನ್ನೊಂದರ ಬೋರಿಗೆ ಹಾಕಿದರೆ ಆ ಫಿಟ್ ಮತ್ತೆ ಬರುವುದಿಲ್ಲ.

ಪಿಸ್ಟನ್ ಬಿಚ್ಚಿದಾಗ ಒಂದು ಪರೀಕ್ಷೆ ಮಾಡಿ. ಈ ಎಂಜಿನ್‌ನಲ್ಲಿ ಪಿಸ್ಟನ್ನಿಗೂ ರಾಡಿಗೂ ಕೊಂಡಿಯಾಗುವ ಗಜನ್ ಪಿನ್ ಇಲ್ಲ. ಕನೆಕ್ಟಿಂಗ್ ರಾಡಿನ ತುದಿ ಗುಂಡಗಿದೆ, ಪಿಸ್ಟನ್ ಒಳಗಿನ ಬಟ್ಟಲಿನಲ್ಲಿ ಕೂತಿದೆ. ಓಡಿ ಓಡಿ ಅಲ್ಲಿ ಆಟ ಬೀಳುತ್ತದೆ. ರಾಡ್ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಎರಡು ಮೂರು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಆಟ ಪರವಾಗಿಲ್ಲ. ಐದು ಥೌ ದಾಟಿದರೆ ಬಟ್ಟಲಿನ ಅಂಚನ್ನು ಪಂಚ್‌ನಿಂದ ಮೆಲ್ಲಗೆ ಮುಚ್ಚಿ ಸರಿಮಾಡಬೇಕು. ಅದಕ್ಕೆ ಕಾಕ್ಸ್‌ನವರದೇ ಒಂದು ಟೂಲ್ ಇತ್ತು. ಲೇತ್ ಇರುವ ನಿಮಗೆ ಅದನ್ನು ಮಾಡಿಕೊಳ್ಳುವುದು ಅರ್ಧ ದಿನದ ಕೆಲಸ. ಒಂದೊಂದೇ ಹಗುರ ಪೆಟ್ಟು ಕೊಟ್ಟು, ಪ್ರತಿ ಸಲ ರಾಡ್ ಸಲೀಸಾಗಿ ತಿರುಗುತ್ತದಾ ನೋಡಿ. ಬಿಗಿಯಾದರೆ ಮತ್ತೆ ಬಿಡಿಸುವುದು ಕಷ್ಟ.

ಈಗ ನಿಲ್ಲುವ ಬೇಬ್ ಬೀಗೆ ಬರೋಣ. ಹನಿ ಹಾಕಿದಾಗ ಓಡುತ್ತದೆ ಅಂದರೆ ಕಂಪ್ರೆಷನ್ ಇದೆ, ಗ್ಲೋ ತಂತಿ ಜೀವಂತ ಇದೆ. ಟ್ಯಾಂಕಿನಿಂದ ಇಂಧನ ಎಳೆಯುತ್ತಿಲ್ಲ, ಅಷ್ಟೇ. ನನ್ನ ಮೊದಲ ಅನುಮಾನ ರೀಡ್ ಮೇಲೆ. ಹಳೆಯ ಔಡಲ ಎಣ್ಣೆ ಒಣಗಿ ಅಂಟಾಗಿ ರೀಡನ್ನು ಹಿಡಿದುಕೊಂಡಿರುತ್ತದೆ. ಟ್ಯಾಂಕಿನ ಸ್ಕ್ರೂ ಬಿಚ್ಚಿ, ಕ್ಲಿಪ್ ತೆಗೆದು, ರೀಡನ್ನು ಅಸಿಟೋನ್‌ನಲ್ಲಿ ತೊಳೆಯಿರಿ. ಮೈಲಾರ್ ರೀಡನ್ನೂ ಪ್ಲಾಸ್ಟಿಕ್ ಭಾಗಗಳನ್ನೂ ಅಸಿಟೋನ್‌ಗೆ ಹಾಕದೆ ಸ್ಪಿರಿಟ್‌ನಲ್ಲಿ ಒರೆಸಿ. ಮತ್ತೆ ಹಾಕಿದಾಗ ರೀಡ್ ಸಡಿಲವಾಗಿ, ಬೆರಳು ತಾಗಿದರೆ ತಿರುಗುವ ಹಾಗಿರಬೇಕು. ಕ್ಲಿಪ್ ಒತ್ತಿ ಹಿಡಿಯಬಾರದು. ಆಮೇಲೆ ಒಂದು ಸ್ವಚ್ಛ ಟ್ಯೂಬ್ ಹಚ್ಚಿ ಗಾಳಿಯ ಬಾಯಿಂದ ಊದಿ, ಎಳೆಯಿರಿ. ಊದಿದರೆ ಒಳಗೆ ಹೋಗಬೇಕು, ಎಳೆದರೆ ಬರಬಾರದು. ಇದು ಸರಿ ಇದ್ದರೆ ಟ್ಯಾಂಕಿನ ಗ್ಯಾಸ್ಕೆಟ್ ನೋಡಿ, ಇಂಧನ ಹೆಚ್ಚು ಕಡಿಮೆ ಮಾಡುವ ನೀಡಲ್ ಪಕ್ಕ ಗಾಳಿ ಸೋರುತ್ತದಾ ನೋಡಿ, ಟ್ಯಾಂಕಿನೊಳಗಿನ ಸಣ್ಣ ಪೈಪ್ ಬಿರುಕು ಬಿಟ್ಟಿದೆಯಾ ನೋಡಿ. ಆ ಪೈಪಿನ ಬಾಯಿ ವಿಮಾನದ ಸುತ್ತಿನ ಹೊರಗಡೆಗೆ ಇರಬೇಕು. ಕಂಟ್ರೋಲ್ ಲೈನ್‌ನಲ್ಲಿ ಸುತ್ತುವಾಗ ಇಂಧನ ಹೊರಗಡೆಗೇ ದೂಡಿಕೊಂಡು ಹೋಗುತ್ತದೆ.

ಮಗಳ ವಿಮಾನಕ್ಕೆ ನಾನು ಗೋಲ್ಡನ್ ಬೀ ಹಾಕುತ್ತೇನೆ. ಒಳಗಿನ ಕೆಲಸ ಬೇಬ್ ಬೀಯದೇ. ಬೇಬ್ ಬೀ ಟ್ಯಾಂಕ್ ಸುಮಾರು 5 ಸಿಸಿ ಹಿಡಿದರೆ ಇದು 8 ಸಿಸಿ ಹಿಡಿಯುತ್ತದೆ. ಮುಖ್ಯವಾಗಿ ಇದರ ಗಾಳಿಕಿಂಡಿಗಳನ್ನು ಪಲ್ಟಿ ಹೊಡೆದರೂ ಇಂಧನ ಚೆಲ್ಲದ ಹಾಗೆ ಇಟ್ಟಿದ್ದಾರೆ. ಮುಂದೆ ಮಗಳು ಕೈ ಕುದುರಿ ವಿಮಾನ ತಲೆಕೆಳಗು ಹಾರಿಸಬೇಕೆಂದರೂ ಎಂಜಿನ್ ಬದಲಿಸುವ ಅಗತ್ಯ ಇಲ್ಲ. ಬೇಬ್ ಬೀ ಸರಿಹೋದರೆ ಅದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಿ. ಟೀ ಡೀಯನ್ನು ಎಣ್ಣೆ ಹಾಕಿ ಜೋಪಾನ ಮಾಡಿ, ಅದರ ಸರದಿ ಆಮೇಲೆ.

ಮೆಥನಾಲ್, ಎಣ್ಣೆ, ನೈಟ್ರೋಮೀಥೇನ್ ಸೇರಿದ ಇಂಧನ ಇದು, ಇದರ ಬಗ್ಗೆ ರಾಜಿ ಬೇಡ. ಒಟ್ಟು ಇಂಧನದಲ್ಲಿ ಕನಿಷ್ಠ ಶೇ. 20 ಎಣ್ಣೆ ಇರಬೇಕು, ಅದರಲ್ಲಿ ಅರ್ಧಕ್ಕಾದರೂ ಔಡಲ ಎಣ್ಣೆ ಇರಬೇಕು. ಆ ಗುಂಡು-ಬಟ್ಟಲಿನ ಜಾಯಿಂಟ್ ಉಳಿಯುವುದು ಅದರಿಂದಲೇ. ಬೈಕಿನ 2ಟಿ (ಟೂ ಸ್ಟ್ರೋಕ್) ಎಣ್ಣೆ ಇಲ್ಲಿಗೆ ಸಲ್ಲ. ನೈಟ್ರೋಮೀಥೇನ್ ಶೇ. 15ರಿಂದ 25 ಇದ್ದರೆ ಈ ಎಂಜಿನ್‌ಗಳು ಖುಷಿಯಾಗಿರುತ್ತವೆ. ಅದು ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕಡಿಮೆ ನೈಟ್ರೋ ಸಿಕ್ಕರೆ ತಲೆಯ ಕೆಳಗಿನ ತಾಮ್ರದ ಗ್ಯಾಸ್ಕೆಟ್ ಎರಡಿದ್ದರೆ ಒಂದು ತೆಗೆಯಿರಿ. ಕಂಪ್ರೆಷನ್ ಸ್ವಲ್ಪ ಏರಿ ಸರಿದೂಗುತ್ತದೆ. ಮೆಥನಾಲ್ ವಿಷ. ಚರ್ಮಕ್ಕೂ ತಾಗಬಾರದು. ಅದರ ಬೆಂಕಿ ಹಗಲಲ್ಲಿ ಕಣ್ಣಿಗೇ ಕಾಣುವುದಿಲ್ಲ. ಡಬ್ಬಿ ಮಗಳ ಕೈಗೆ ಸಿಗದ ಕಡೆ ಇರಲಿ. ಅದು ಗಾಳಿಯ ತೇವ ಹೀರುತ್ತದೆ, ಬೆಳಗಾವಿಯ ಮಳೆಗಾಲದಲ್ಲಿ ಅರ್ಧ ಖಾಲಿ ಡಬ್ಬಿ ಇಟ್ಟರೆ ಇಂಧನ ಕೆಟ್ಟಂತೆಯೇ. ಸಣ್ಣ ಡಬ್ಬಿಗಳಲ್ಲಿ ಬಾಯಿತನಕ ತುಂಬಿಡಿ.

ತಲೆಗೆ 1.5 ವೋಲ್ಟಿನ ದೊಡ್ಡ ಸೆಲ್ ಸಾಕು, ಬೈಕ್ ಬ್ಯಾಟರಿ ತಾಗಿಸಿದರೆ ತಂತಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಪ್ರೊಪೆಲ್ಲರ್ ಆರು ಇಂಚಿನದು, ಪಿಚ್ ಮೂರು. ನೀಡಲ್ ಸುಮಾರು ಮೂರು ಸುತ್ತು ತೆರೆದು ಶುರುಮಾಡಿ, ಓಡಿದ ಮೇಲೆ ಸ್ವಲ್ಪಸ್ವಲ್ಪ ಮುಚ್ಚುತ್ತಾ ಬನ್ನಿ. ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗಾಳಿ ತುಸು ತೆಳು. ಕರಾವಳಿಯಲ್ಲಿ ಓಡಿಸಿದವರು ಹೇಳುವ ಸೆಟ್ಟಿಂಗ್‌ಗಿಂತ ನಿಮ್ಮದು ಚೂರು ಹೆಚ್ಚು ಮುಚ್ಚಬೇಕಾಗುತ್ತದೆ. ಸದ್ದು ಅತಿ ಚೂಪಾದ ಮೇಲೆ ಒಂದಿಷ್ಟು ವಾಪಸ್ ತೆರೆಯಿರಿ. ಸ್ಟಾರ್ಟ್ ಮಾಡುವಾಗ ಬೆರಳು ಬೇಡ, ಸ್ಪ್ರಿಂಗ್ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ರಬ್ಬರ್ ಸುತ್ತಿದ ಕೋಲು. ತಂತಿ ಎಂಟು-ಹತ್ತು ಮೀಟರ್ ಇರಲಿ. ವಿದ್ಯುತ್ ಲೈನ್ ಇರುವ ಕಡೆ, ಸಾಂಬ್ರಾ ವಿಮಾನ ನಿಲ್ದಾಣದ ಕಡೆ ಹಾರಿಸಲೇಬೇಡಿ. ಮೊದಲ ಕೆಲವು ಹಾರಾಟ ಹ್ಯಾಂಡಲ್ ನೀವೇ ಹಿಡಿಯಿರಿ, ಮಗಳನ್ನು ನಡುವೆ ನಿಮ್ಮ ಮುಂದೆ ನಿಲ್ಲಿಸಿಕೊಂಡು ಅವಳ ಕೈ ನಿಮ್ಮ ಕೈ ಮೇಲೆ ಇರಲಿ. ತಲೆ ಸುತ್ತದೆ ಹತ್ತು ಸುತ್ತು ನಿಂತರೆ ಹ್ಯಾಂಡಲ್ ಕೊಡಬಹುದು.